ಭಾನುವಾರವೂ ಕಟ್ ಆಗುವ ಕಂತು

ಪ್ರಶ್ನೆ: ನನ್ನ ಬೈಕ್ ಸಾಲದ ಕಂತು ಪ್ರತಿ ತಿಂಗಳು 5ಕ್ಕೆ ಖಾತೆಯಿಂದ ಕಟ್ ಆಗುತ್ತದೆ. ಸಾಲ ಕೊಟ್ಟವರ ಬ್ಯಾಂಕ್ ಬೇರೆ, ನನ್ನ ಬ್ಯಾಂಕ್ ಬೇರೆ. ಈ ಸಲ 5 ಭಾನುವಾರ ಬಂತು. ರಜೆ ಅಲ್ವಾ ಅಂತ, ಚಾಲಿ (ಒಣಗಿಸಿದ ಅಡಿಕೆ) ಮಾರಿದ ದುಡ್ಡನ್ನು ಸೋಮವಾರ ಬೆಳಿಗ್ಗೆ ಹಾಕಿದೆ. ಅಷ್ಟರಲ್ಲಿ ಬೌನ್ಸ್ ಆಗಿತ್ತು, ಎರಡೂ ಕಡೆ ದಂಡ ಬಿತ್ತು. ಅವರು ನನ್ನ ಖಾತೆಗೆ ಕೈ ಹಾಕುವುದಾದರೂ ಹೇಗೆ?
ಓದುಗರು, ಶಿರಸಿ

ಉತ್ತರ: ರಜೆಯ ಲೆಕ್ಕ ಈಗ ನಡೆಯುವುದಿಲ್ಲ. ಈ ಕಂತುಗಳು ಹಾದುಹೋಗುವ ವ್ಯವಸ್ಥೆಗೆ ನ್ಯಾಚ್ ಅಂತ ಹೆಸರು, ಪೂರ್ತಿಯಾಗಿ ನ್ಯಾಷನಲ್ ಆಟೋಮೇಟೆಡ್ ಕ್ಲಿಯರಿಂಗ್ ಹೌಸ್. 2021ರ ಆಗಸ್ಟ್ 1ರಿಂದ ಅದು ವಾರದ ಏಳೂ ದಿನ ಓಡುತ್ತಿದೆ. ಮಾರಿಕಾಂಬಾ ಜಾತ್ರೆಗೆ ಊರಿಗೆ ಊರೇ ಬಾಗಿಲು ಹಾಕಿಕೊಂಡರೂ ಅದು ನಿಲ್ಲುವುದಿಲ್ಲ. ನಡೆಸುವುದು ಎನ್‌ಪಿಸಿಐ, ಯುಪಿಐ ನಡೆಸುವವರೇ.

ನಿಮ್ಮ ಖಾತೆಗೆ ಅವರು ಕೈ ಹಾಕುವುದಿಲ್ಲ. ಕತ್ತರಿಸುವುದು ನಿಮ್ಮದೇ ಬ್ಯಾಂಕ್. ಸಾಲ ತೆಗೆಯುವಾಗ ರಾಶಿ ಕಾಗದಗಳ ನಡುವೆ ಒಂದು ಮ್ಯಾಂಡೇಟ್‌ಗೆ, ಅಂದರೆ ಖಾತೆಯಿಂದ ಕಂತು ಕತ್ತರಿಸಲು ಕೊಡುವ ಒಪ್ಪಿಗೆಗೆ, ಸಹಿ ಹಾಕಿರುತ್ತೀರಿ, ಇಲ್ಲವೇ ಮೊಬೈಲಿನಲ್ಲಿ ಒಟಿಪಿ ಕೊಟ್ಟಿರುತ್ತೀರಿ. ಗರಿಷ್ಠ ಎಷ್ಟು, ಎಂದಿನವರೆಗೆ ಅಂತ ಅದರಲ್ಲೇ ಬರೆದಿರುತ್ತದೆ. ನಿಮ್ಮ ಬ್ಯಾಂಕ್ ಒಪ್ಪಿದ ಮೇಲೆ ಅದಕ್ಕೊಂದು ನಂಬರ್ ಬೀಳುತ್ತದೆ, ಯುಎಂಆರ್‌ಎನ್ ಅಂತ.

ಕಂತಿನ ದಿನ ಸಾಲ ಕೊಟ್ಟವರ ಬ್ಯಾಂಕ್, ಸಾವಿರಾರು ಜನರ ಕಂತುಗಳನ್ನು ಒಂದೇ ಫೈಲಿನಲ್ಲಿ ತುಂಬಿ ನ್ಯಾಚ್‌ಗೆ ಕಳಿಸುತ್ತದೆ. ಅಲ್ಲಿ ಬ್ಯಾಂಕುವಾರು ಬೇರೆ ಮಾಡಿ, ನಿಮ್ಮ ಸಾಲು ನಿಮ್ಮ ಬ್ಯಾಂಕಿಗೆ ಹೋಗುತ್ತದೆ. ನಿಮ್ಮ ಬ್ಯಾಂಕ್ ನಂಬರ್ ಸರಿಯಿದೆಯಾ, ಮೊತ್ತ ಮಿತಿಯೊಳಗಿದೆಯಾ, ಖಾತೆಯಲ್ಲಿ ದುಡ್ಡಿದೆಯಾ ಅಂತ ನೋಡುತ್ತದೆ. ಆ ಹೊತ್ತಿಗೆ ಇರಬೇಕು, ಅಷ್ಟೇ. ಇಲ್ಲದಿದ್ದರೆ ಕಾರಣ ಬರೆದು ವಾಪಸ್. ಪಾಸ್‌ಬುಕ್ಕಿನಲ್ಲಿ 'ಎಸಿಎಚ್ ರಿಟರ್ನ್' ಅಂತ ಕಾಣುವ ಸಾಲು ಇದೇ, ದಂಡಕ್ಕೆ 18% ಜಿಎಸ್‌ಟಿ ಬೇರೆ.

ನಿಮ್ಮ ಕಂತಿನ ದುಡ್ಡು ಒಂಟಿಯಾಗಿ ಸಾಲ ಕೊಟ್ಟವರ ಬ್ಯಾಂಕಿಗೆ ಹೋಗುವುದೂ ಇಲ್ಲ. ಉದಾಹರಣೆಗೆ ನಿಮ್ಮ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಕೊಡಬೇಕಾದದ್ದು ಒಟ್ಟು 80 ಲಕ್ಷ, ಅವುಗಳಿಂದ ಅದಕ್ಕೆ ಬರಬೇಕಾದದ್ದು 65 ಲಕ್ಷ ಅನ್ನಿ. ವಜಾ ಮಾಡಿ ಉಳಿದ 15 ಲಕ್ಷ ಮಾತ್ರ ರಿಸರ್ವ್ ಬ್ಯಾಂಕಿನಲ್ಲಿರುವ ಅದರ ಖಾತೆಯಿಂದ ಹೋಗುತ್ತದೆ.

ದುಡ್ಡಿಲ್ಲದೆ ವಾಪಸಾದರೆ ದಂಡಕ್ಕೇ ಮುಗಿಯುತ್ತದೆ ಅಂದುಕೊಳ್ಳಬೇಡಿ. 2007ರ ಪಾವತಿ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಇದು ಚೆಕ್ ಬೌನ್ಸ್‌ನಂತೆಯೇ ಅಪರಾಧ, 2 ವರ್ಷದವರೆಗೆ ಜೈಲೂ ಆಗಬಹುದು. ನೋಟಿಸ್ ಸಿಕ್ಕ 15 ದಿನದೊಳಗೆ ಕಟ್ಟಿದರೆ ಕೇಸ್ ಇಲ್ಲ. ಸುಮ್ನೆ ಹೆದರಿಸುತ್ತಿಲ್ಲ, ನೋಟಿಸ್ ಬಂದರೆ ಮೂಲೆಗೆ ಎಸೆಯಬೇಡಿ ಅಂತ ಹೇಳಿದೆ.

ಇನ್ನು ಮುಂದೆ 4ನೇ ತಾರೀಖಿನ ಸಂಜೆಯೊಳಗೇ ಖಾತೆಗೆ ಹಾಕಿಬಿಡಿ. ಈ ತಿಂಗಳ ಕಂತನ್ನು ಯುಪಿಐನಲ್ಲಿ ಕಟ್ಟುವುದಾದರೆ ಮೊದಲು ಸಾಲ ಕೊಟ್ಟವರಿಗೆ ಫೋನ್ ಮಾಡಿ, ಮತ್ತೊಮ್ಮೆ ಫೈಲಿಗೆ ಹಾಕುತ್ತೀರಾ ಅಂತ ಕೇಳಿ. ಬೌನ್ಸ್ ಆದದ್ದನ್ನು ಅವರು ಪುನಃ ಕಳಿಸುವುದುಂಟು, ಆಗ ಒಂದೇ ಕಂತು ಎರಡು ಸಲ ಹೋಗಿ ವಾಪಸ್ ತರಿಸಿಕೊಳ್ಳಲು ಓಡಾಡಬೇಕಾಗುತ್ತದೆ.