ಅಪ್ಪನ ಇಂಪ್ಲಾಂಟ್‌ಗೆ ಇಷ್ಟೊಂದು ಟೆಸ್ಟ್ ಯಾಕೆ?

ಸರ್, ತಂದೆಯವರ ಕೆಳದವಡೆಗೆ ಒಂದು ಇಂಪ್ಲಾಂಟ್ (ಹೋದ ಹಲ್ಲಿನ ಜಾಗದಲ್ಲಿ ಮೂಳೆಯೊಳಗೆ ಕೂರಿಸುವ ಸ್ಕ್ರೂ) ಹಾಕೋಕೆ ಸ್ಕ್ಯಾನ್, ಶುಗರ್ ಟೆಸ್ಟ್ ಎಲ್ಲ ಸುಮ್ನೆ ದುಡ್ಡಿಗಾ ಅಂತ ಕೇಳಿದ್ದೀರಿ. ಅಲ್ಲ. ನಾನೂ ಕಲಬುರಗಿಯಲ್ಲೇ ಹಾಕಿಸಿಕೊಂಡವನು. ಕೆಳದವಡೆಯ ಮೂಳೆಯೊಳಗೆ ಒಂದು ನರ ಇರುತ್ತದೆ. ಅದಕ್ಕೆ ಪೆಟ್ಟಾದರೆ ತುಟಿ, ಗದ್ದ ಜೋಮು ಹಿಡಿದಂತೆ ಆಗುತ್ತದೆ. ಸ್ಕ್ರೂ ಅದಕ್ಕಿಂತ ಸುಮಾರು 2 ಮಿ.ಮೀ. ಮೇಲೆಯೇ ನಿಲ್ಲಬೇಕು. ಮಾಮೂಲಿ ಎಕ್ಸ್‌ರೇಯಲ್ಲಿ ಮೂಳೆಯ ದಪ್ಪ ಗೊತ್ತಾಗೋದಿಲ್ಲ, ಅದಕ್ಕೇ ದವಡೆಯನ್ನು 3ಡಿಯಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್. ನನ್ನದರಲ್ಲಿ ಡಾಕ್ಟರ್ ಆ ನರದ ಮೇಲೆ ಕೆಂಪು ಗೆರೆ ಎಳೆದು ತೋರಿಸಿದ್ದರು.

ಶುಗರ್ ಜಾಸ್ತಿ ಇದ್ದರೆ ಗಾಯ ಬೇಗ ಮಾಯುವುದಿಲ್ಲ, ಟೈಟಾನಿಯಂ ಸ್ಕ್ರೂಗೆ ಮೂಳೆ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಹಾಗೆ ಕೂಡಿಕೊಳ್ಳಲೆಂದೇ ಕ್ಯಾಪ್‌ಗೆ (ಸ್ಕ್ರೂ ಮೇಲೆ ಕೂರಿಸುವ ಕೃತಕ ಹಲ್ಲಿಗೆ) ಸಾಮಾನ್ಯವಾಗಿ 3 ತಿಂಗಳಾದರೂ ಕಾಯಿಸುತ್ತಾರೆ. ಆಪರೇಷನ್‌ಗಿಂತ ಖಡಕ್ ರೊಟ್ಟಿ ಬಿಟ್ಟಿರೋದೇ ನನಗೆ ಕಷ್ಟವಾಯಿತು! ತಂದೆಯವರಿಗೆ ಗುಟ್ಕಾ ಅಭ್ಯಾಸ ಇದ್ದರೆ ಮೊದಲು ಅದನ್ನು ಬಿಡಿಸಿ.