ಹಡಗು ಬಂದರೆ ಎದ್ದು ನಿಲ್ಲುವ ಸೇತುವೆ ಕಾವೇರಿಗೆ ಯಾಕಿಲ್ಲ?

ಪ್ರಶ್ನೆ: ಸರ್, ಮೊನ್ನೆ ಮನೆಯವರೆಲ್ಲ ರಾಮೇಶ್ವರಕ್ಕೆ ಹೋಗಿದ್ದೆವು. ಪಂಬನ್‌ನಲ್ಲಿ ರೈಲು ಸೇತುವೆಯ ಒಂದು ಭಾಗ ಹಾಗೇ ಮೇಲೆದ್ದಿತು, ಕೆಳಗೆ ಹಡಗು ದಾಟಿತು. ಅಷ್ಟು ಭಾರ ಎತ್ತಲು ಎಂಥ ಮೋಟಾರು ಬೇಕು? ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟಾಗ ನಮ್ಮ ವೆಲ್ಲೆಸ್ಲಿ ಸೇತುವೆ ಬಂದ್ ಆಗುತ್ತದೆ. ಇಲ್ಲೂ ಅಂಥದ್ದೇ ಒಂದು ಕಟ್ಟಬಹುದಲ್ವಾ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಮೋಟಾರಿನಿಂದಲೇ ಶುರು ಮಾಡೋಣ. ನೀವು ಅಂದುಕೊಂಡಷ್ಟು ದೊಡ್ಡದು ಬೇಕಿಲ್ಲ. ಊರಾಚೆಯ ರೈಲ್ವೆ ಗೇಟನ್ನು ಒಮ್ಮೆ ಹತ್ತಿರದಿಂದ ನೋಡಿ. ರಸ್ತೆಗೆ ಅಡ್ಡ ಬರುವ ಉದ್ದನೆಯ ಕಂಬಿಯ ಬುಡದಲ್ಲಿ ಕಬ್ಬಿಣದ ದಪ್ಪ ತೂಕ ಕೂರಿಸಿರುತ್ತಾರೆ. ಅದಿರುವುದರಿಂದಲೇ ಗೇಟ್‌ಮ್ಯಾನ್ ಒಬ್ಬರೇ ಅದನ್ನು ಸಲೀಸಾಗಿ ಎತ್ತುತ್ತಾರೆ. ಸೇತುವೆಯಲ್ಲೂ ಇದೇ ಲೆಕ್ಕ.

2025ರ ಏಪ್ರಿಲ್‌ನಲ್ಲಿ ಶುರುವಾದ ಹೊಸ ಪಂಬನ್ ಸೇತುವೆಯಲ್ಲಿ ಮೇಲೇಳುವ ಭಾಗದ ಉದ್ದ 72.5 ಮೀಟರ್. ಅದು ಮಲಗಿದ ಹಾಗೇ 17 ಮೀಟರ್ ಮೇಲೆ ಹೋಗುತ್ತದೆ. ಎರಡೂ ತುದಿಯಲ್ಲಿ ಗೋಪುರಗಳಿವೆ. ಅವುಗಳ ನೆತ್ತಿಯ ಮೇಲೆ ದೊಡ್ಡ ರಾಟೆಗಳು, ರಾಟೆಯ ಮೇಲೆ ಹಾದು ಬರುವ ಉಕ್ಕಿನ ಹಗ್ಗಗಳು. ಹಗ್ಗದ ಒಂದು ತುದಿಯಲ್ಲಿ ಸೇತುವೆ, ಇನ್ನೊಂದು ತುದಿಯಲ್ಲಿ ಹೆಚ್ಚೂಕಮ್ಮಿ ಅದರಷ್ಟೇ ಭಾರದ ಕೌಂಟರ್‌ವೇಟ್. ಇದು ಏರಿದರೆ ಅದು ಇಳಿಯುತ್ತದೆ. ಮೋಟಾರಿಗೆ ಉಳಿಯುವ ಕೆಲಸ ಗಾಳಿಯನ್ನೂ ರಾಟೆಯ ತಿಕ್ಕಾಟವನ್ನೂ ಮೀರಿಸುವುದು, ಅಷ್ಟೇ.

ನಂಬಿಕೆ ಬರಲಿಲ್ಲವೇ? ಪಕ್ಕದ ಹಳೆಯ ರೈಲು ಸೇತುವೆ 1914ರದ್ದು. ಅಮೆರಿಕದ ಎಂಜಿನಿಯರ್ ಶೆರ್ಜರ್ ಅವರ ವಿನ್ಯಾಸ. ಎದುರುಬದುರು ಎರಡು ತೋಳು, ಪ್ರತಿ ತೋಳಿನ ಹಿಂಬದಿಗೆ ಭಾರ. ಬುಡದಲ್ಲಿ ಚಕ್ರದ ತುಂಡಿನಂಥ ಬಾಗು. ಆ ಬಾಗಿನ ಮೇಲೆ ತೋಳು ಹಿಂದಕ್ಕೆ ಉರುಳುತ್ತಾ ತಲೆ ಎತ್ತುತ್ತಿತ್ತು. ನೂರು ವರ್ಷಕ್ಕೂ ಮೇಲ್ಪಟ್ಟು ಅದನ್ನು ಎತ್ತಿದ್ದು ಮೋಟಾರಲ್ಲ, ಜನ! ಕೆಲಸಗಾರರು ಗುಂಪಾಗಿ ನಿಂತು ಕೈಯಿಂದಲೇ ತಿರುಗಿಸುತ್ತಿದ್ದರು.

ಇನ್ನೊಂದು ವಿಷಯ ನೀವು ಗಮನಿಸಿರಬಹುದು. ನೀವು ನಿಂತು ನೋಡಿದ ರಸ್ತೆ ಸೇತುವೆ ಏಳುವುದಿಲ್ಲ. 1988ರಲ್ಲಿ ಅದನ್ನು ಮೊದಲೇ ಎತ್ತರಕ್ಕೆ ಕಟ್ಟಿಬಿಟ್ಟರು. ರೈಲಿಗೂ ಹಾಗೇ ಮಾಡಬಹುದಿತ್ತಲ್ಲ ಅನ್ನಿಸುತ್ತದೆ. ಬಸ್ಸು, ಲಾರಿ ಏರು ಹತ್ತುತ್ತವೆ. ರೈಲಿಗೆ ಅದು ಕಷ್ಟ. 100 ಮೀಟರ್ ಮುಂದೆ ಹೋದರೆ 1 ಮೀಟರ್ ಏರು ಅಂತ ಇಟ್ಟುಕೊಂಡರೂ, 17 ಮೀಟರ್ ಹತ್ತಲು 1.7 ಕಿ.ಮೀ. ಬೇಕು. ಇಳಿಯಲು ಮತ್ತೆ ಅಷ್ಟೇ. ಸೇತುವೆ ಇರುವುದೇ 2 ಕಿ.ಮೀ. ಚಿಲ್ಲರೆ. ದಾಟಿದ ಕೂಡಲೇ ಪಂಬನ್ ಸ್ಟೇಷನ್. ಜಾಗ ಎಲ್ಲಿದೆ? ಅದಕ್ಕೇ ಹಳಿಯನ್ನು ಕೆಳಗೇ ಇಟ್ಟು, ಹಡಗು ಬಂದಾಗ ಮಾತ್ರ ಎತ್ತುತ್ತಾರೆ.

ಬೇರೆ ಬಗೆಯವೂ ಇವೆ. ಲಂಡನ್ನಿನ ಟವರ್ ಬ್ರಿಜ್ (1894) ಬಾಗಿಲಿನ ಎರಡು ಕದಗಳಂತೆ ಮೇಲಕ್ಕೆ ತೆರೆಯುತ್ತದೆ. ಅದರ ಕೌಂಟರ್‌ವೇಟ್ ಕಾಣಿಸುವುದೇ ಇಲ್ಲ, ಕಂಬದೊಳಗಿನ ಕೋಣೆಗೆ ಇಳಿಯುತ್ತದೆ. ಈಜಿಪ್ಟಿನ ಸೂಯೆಜ್ ಕಾಲುವೆಯ ಮೇಲಿರುವ ಎಲ್ ಫೆರ್ದಾನ್ ರೈಲು ಸೇತುವೆ ಏಳುವುದಿಲ್ಲ, ಪಕ್ಕಕ್ಕೆ ತಿರುಗುತ್ತದೆ. ಕೋಲ್ಕತ್ತಾದಲ್ಲಿ ಈಗಿನ ಹೌರಾ ಸೇತುವೆಗೂ ಮೊದಲು 1874ರ ತೇಲು ಸೇತುವೆಯೊಂದಿತ್ತು. ಹಡಗಿಗೆ ಅದರ ಮಧ್ಯಭಾಗ ಬಿಚ್ಚಿ ದಾರಿ ಕೊಡುತ್ತಿದ್ದರು. ಅಷ್ಟು ಹೊತ್ತೂ ಜನ, ಗಾಡಿ ಎಲ್ಲ ಕಾಯಬೇಕು. 1943ರಲ್ಲಿ ಬಂದ ಹೊಸದರಲ್ಲಿ ಈ ರಗಳೆಯೇ ಇಲ್ಲ.

ಈಗ ನಮ್ಮ ಕಾವೇರಿಗೆ ಬರೋಣ. ಇಲ್ಲಿ ಹಡಗಿಲ್ಲ. ನದಿಯ ತುಂಬ ಬಂಡೆ, ಕೆಳಗೆ ಹೋದರೆ ಶಿವನಸಮುದ್ರದ ಜಲಪಾತ. ಹರಿಗೋಲಿಗೆ ಸೇತುವೆ ಎತ್ತುವ ಅಗತ್ಯ ಇಲ್ಲವಲ್ಲ! ಇನ್ನು ಪ್ರವಾಹದ ಮಾತು. ಎತ್ತುವ ಸೇತುವೆಗಳಲ್ಲಿ ಸಾಮಾನ್ಯವಾಗಿ ಮೇಲೇಳುವುದು ಒಂದೇ ಭಾಗ, ಹಡಗು ಹಾಯುವಷ್ಟು. ಉಳಿದದ್ದೆಲ್ಲ ನೀರಿನಲ್ಲೇ ಇರುತ್ತದೆ. ಕಂಬಗಳಿಗೆ ಹೊಡೆತ ತಪ್ಪುವುದಿಲ್ಲ, ಮರದ ದಿಮ್ಮಿ ಬಂದು ಸಿಕ್ಕಿಕೊಳ್ಳುವುದೂ ತಪ್ಪುವುದಿಲ್ಲ. ಪೂರ್ತಿ ಎತ್ತಿದರೂ ಏನು ಬಂತು? ಎತ್ತಿದ ಸೇತುವೆಯ ಮೇಲೆ ಯಾರೂ ಓಡಾಡುವ ಹಾಗಿಲ್ಲ. ಮುಳುಗಿದರೂ ಬಂದ್, ಎತ್ತಿದರೂ ಬಂದ್. ದುಡ್ಡಿದ್ದರೆ ಎತ್ತರದ ಸೇತುವೆಗೆ ಹಾಕುವುದೇ ವಾಸಿ. ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಕಲ್ಲಿನ ಕಂಬಗಳು ಎಷ್ಟೋ ಪ್ರವಾಹ ಕಂಡು ಇನ್ನೂ ನಿಂತಿವೆ. ಅದಕ್ಕೆ ಯಂತ್ರ ಜೋಡಿಸುವ ಯೋಚನೆ ಬೇಡ.

ಪ್ರಶ್ನೆ: ಇಂಥ ಸೇತುವೆ ಇಳಿದ ಮೇಲೆ ಸರಿಯಾಗಿ ಕೂತಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ? ಮೇಲೆ ಗಾಡಿ ಇರುವಾಗಲೇ ಎದ್ದರೆ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮೈಸೂರು

ಉತ್ತರ: ತೂಕವನ್ನು ಪೂರ್ತಿ ಸರಿಸಮ ಮಾಡುವುದಿಲ್ಲಮ್ಮ. ಸೇತುವೆಯ ಕಡೆಗೇ ಒಂಚೂರು ಭಾರ ಜಾಸ್ತಿ ಬಿಡುತ್ತಾರೆ. ಹಾಗಾಗಿ ಅದು ತಾನಾಗಿಯೇ ಕೂರಲು ನೋಡುತ್ತದೆ. ಕೂತ ಮೇಲೆ ಉಕ್ಕಿನ ಲಾಕ್ ಬೀಳುತ್ತದೆ. ರೈಲಿನದ್ದಾದರೆ ಲಾಕಿಗೂ ಸಿಗ್ನಲ್ಲಿಗೂ ನಂಟಿರುತ್ತದೆ. ಲಾಕ್ ಬೀಳದೆ ಹಸಿರು ದೀಪ ಹತ್ತುವುದಿಲ್ಲ.

ಬಿಸಿಲೂ ಕಾಟ ಕೊಡುತ್ತದೆ. ಉಕ್ಕು ಹಿಗ್ಗಿದರೆ ತಿರುಗಿದ ಸೇತುವೆ ಮತ್ತೆ ಜಾಗಕ್ಕೆ ಕೂರುವುದಿಲ್ಲ. 2024ರ ಜುಲೈನಲ್ಲಿ ನ್ಯೂಯಾರ್ಕಿನ ಥರ್ಡ್ ಅವೆನ್ಯೂ ಸೇತುವೆ ಹಾಗೇ ಸಿಕ್ಕಿಕೊಂಡು, ದೋಣಿಯಿಂದ ನೀರು ಹಾರಿಸಿ ತಣ್ಣಗೆ ಮಾಡಬೇಕಾಯಿತು.

ಗಾಡಿ ಇರುವಾಗಲೇ ಎದ್ದ ಪ್ರಸಂಗವೂ ನಡೆದಿದೆ. 1952ರ ಡಿಸೆಂಬರ್‌ನಲ್ಲಿ 78ನೇ ನಂಬರಿನ ಡಬಲ್ ಡೆಕ್ಕರ್ ಬಸ್ಸು ಟವರ್ ಬ್ರಿಜ್ ಮೇಲಿದ್ದಾಗ ಬಸ್ಸಿನ ಕೆಳಗಿದ್ದ ತೋಳು ಏಳತೊಡಗಿತು. ಎಚ್ಚರಿಕೆಯ ಗಂಟೆ ಬಾರಿಸಿರಲಿಲ್ಲ. ಬ್ರೇಕ್ ಹಾಕಿದರೆ ನದಿಗೇ ಬೀಳಬೇಕಾದೀತೆಂದು ಡ್ರೈವರ್ ಆಲ್ಬರ್ಟ್ ಗಂಟರ್ ಆಕ್ಸಿಲರೇಟರ್ ಒತ್ತಿದರು. ಎದುರಿನ ತೋಳು ಇನ್ನೂ ಎದ್ದಿರಲಿಲ್ಲ. ಬಸ್ಸು ಮೇಲಿನಿಂದ ಅದರ ಮೇಲೆ ಹಾರಿ ಬಿತ್ತು, ಎಲ್ಲರೂ ಬದುಕಿದರು. ಡ್ರೈವರಿಗೆ ಸಿಕ್ಕ ಬಹುಮಾನ 10 ಪೌಂಡ್.