ಭೇದಿ ನಿಂತ ಮೇಲೂ ಜಿಂಕ್ ಸಿರಪ್ ಯಾಕೆ?

ಮೂರು ವರ್ಷದ ಮಗನಿಗೆ ಭೇದಿ ನಿಂತು ಎರಡು ದಿನ ಆಯ್ತು, ಜಿಂಕ್ ಸಿರಪ್ ನಿಲ್ಲಿಸಬಹುದಾ ಅಂತ ಕೇಳಿದ್ದೀರಿ. ನಿಲ್ಲಿಸಬೇಡಿ. ಆರು ತಿಂಗಳು ದಾಟಿದ ಮಕ್ಕಳಿಗೆ ಸಾಮಾನ್ಯವಾಗಿ ದಿನಕ್ಕೆ 20 ಮಿಲಿಗ್ರಾಂ, 14 ದಿನ ಕೊಡುತ್ತಾರೆ. ನಿಮ್ಮ ಡಾಕ್ಟರ್ ಬೇರೆ ಲೆಕ್ಕ ಹೇಳಿದ್ದರೆ ಅದೇ ಸರಿ.

ಭೇದಿಯಲ್ಲಿ ನೀರು, ಉಪ್ಪಿನ ಜೊತೆ ಜಿಂಕ್ ಕೂಡ ಹೋಗಿರುತ್ತದೆ. ಕರುಳಿನ ಒಳಪದರ ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತಿರುತ್ತದೆ, ಅದಕ್ಕೆ ಜಿಂಕ್ ಬೇಕು. ಭೇದಿ ನಿಂತಿತು ಅಂದರೆ ಒಳಗೆಲ್ಲ ಮಾಗಿತು ಅಂತಲ್ಲ. ಪೂರ್ತಿ ಕೊಟ್ಟರೆ ಮುಂದಿನ ಎರಡು ಮೂರು ತಿಂಗಳು ಮತ್ತೆ ಬರುವುದೂ ಕಡಿಮೆ.

ನಿಮ್ಮ ಮುಳಬಾಗಿಲಿನ ಕಡೆ ಎಲ್ಲರ ಹಾಗೆ ರಾಗಿ ಗಂಜಿ ಕೊಡ್ತೀನಿ ಅಂದಿರಲ್ಲ, ಮೊಳಕೆ ಕಟ್ಟಿದ ರಾಗಿ ಹಿಟ್ಟಾದರೆ ಇನ್ನೂ ಒಳ್ಳೆಯದು. ರಾಗಿಯಲ್ಲಿರುವ ಫೈಟೇಟ್ ಅನ್ನೋ ಅಂಶ ಜಿಂಕನ್ನು ಮೈಗೆ ಸೇರಲು ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಬಂದರೆ ಅದು ಇಳಿಯುತ್ತದೆ. ಸಿರಪ್ಪನ್ನು ಗಂಜಿ ಜೊತೆಯಲ್ಲೇ ಕುಡಿಸಬೇಡಿ, ಸ್ವಲ್ಪ ಹೊತ್ತು ಬಿಡಿ.

ಇನ್ನೊಂದು. ಓಆರ್‌ಎಸ್‌ನ (ಭೇದಿಯಾದಾಗ ನೀರಲ್ಲಿ ಕಲಸಿ ಕುಡಿಸುವ ಉಪ್ಪು-ಸಕ್ಕರೆ ಪುಡಿ) ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ. ನಾನೊಮ್ಮೆ ಸುಮ್ನೆ ಒಂದೇ ಲೋಟಕ್ಕೆ ಸುರಿದುಬಿಟ್ಟಿದ್ದೆ. ಮಗಳು ಮೊದಲ ಗುಟುಕಿಗೇ ಮುಖ ಕಿವುಚಿ ಉಗಿದಳು, ಪುಣ್ಯ! ಅಷ್ಟು ಉಪ್ಪು ಮೈಗೆ ಸೇರಿದರೆ ಅಪಾಯ.